ಮುಡಿ ಬಿಟ್ಟ ಊರು

(ಓದುಗ ಗೆಳೆಯರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಧ್ಯೆ ನಾನು ಹಾಡಿ ತೋರಿಸಿದ ಭಾಗವನ್ನು ಬಿಟ್ಟಿದ್ದೇನೆ. ಅದು ಓದುವವರ ಪುಣ್ಯ.)

ಎಲ್ಲರಿಗೂ ನಮಸ್ಕಾರ. ಕ್ಷೌರದ ವಿಷಯದಿಂದ ಶುರು ಮಾಡುತ್ತೇನೆ.

ದಕ್ಷಿಣ ಜರ್ಮನಿಯ ಬವೇರಿಯಾದಲ್ಲಿ, ಆಲ್ಪ್ಸ್ ಬೆಟ್ಟಗಳ ನಡುವೆ ಓಬರಾಮರ್‌ಗಾವ್ ಅಂತ ಒಂದು ಊರಿದೆ. ಐದು ಸಾವಿರ ಚಿಲ್ಲರೆ ಜನ. ಹತ್ತು ವರ್ಷಕ್ಕೊಮ್ಮೆ ಆ ಊರಿನ ಆಡಳಿತ ಒಂದು ಪ್ರಕಟಣೆ ಹೊರಡಿಸುತ್ತದೆ. ಇವತ್ತಿನಿಂದ ನಾಟಕದಲ್ಲಿ ಇರುವವರು ಯಾರೂ ಕೂದಲು ಕತ್ತರಿಸುವಂತಿಲ್ಲ, ಗಂಡಸರು ಗಡ್ಡ ಬೋಳಿಸುವಂತಿಲ್ಲ. ನಾಟಕ ನಡೆಯುವ ಹಿಂದಿನ ವರ್ಷದ ಬೂದಿ ಬುಧವಾರ, ಅಂದರೆ ಕ್ರೈಸ್ತರ ತಪಸ್ಸಿನ ಕಾಲ ಶುರುವಾಗುವ ದಿನ, ಈ ಆಜ್ಞೆ ಜಾರಿಗೆ ಬರುತ್ತದೆ. ರೋಮನ್ ಸೈನಿಕರ ಪಾತ್ರ ಮಾಡುವವರಿಗೆ ಮಾತ್ರ ವಿನಾಯಿತಿ. ರೋಮನ್ನರು ಕೂದಲನ್ನು ಸಣ್ಣಗೆ ಕತ್ತರಿಸಿಕೊಳ್ಳುತ್ತಿದ್ದರಲ್ಲ, ಅದಕ್ಕೆ.

ನಾಟಕದಲ್ಲಿ ಇರುವವರು ಅಂದರೆ ಹತ್ತಿಪ್ಪತ್ತು ಜನ ಅಂದುಕೊಳ್ಳಬೇಡಿ. ಸಾವಿರದ ಎಂಟುನೂರರ ಆಸುಪಾಸು. ಊರಿನ ಮೂರರಲ್ಲಿ ಒಂದು ಪಾಲು! ಹಾಗಾಗಿ ಬ್ಯಾಂಕಿನಲ್ಲಿ ಕೂತವನೂ ಗಡ್ಡಧಾರಿ, ಬ್ರೆಡ್ಡಿನ ಅಂಗಡಿಯವನೂ ಗಡ್ಡಧಾರಿ. ನಮ್ಮಲ್ಲಿ ದೇವರಿಗೆ ಮುಡಿ ಬಿಟ್ಟವರನ್ನು ನೋಡಿದ್ದೀರಲ್ಲ? ಯಾಕಪ್ಪಾ ಹೀಗೆ ಕೂದಲು ಅಂತ ಯಾರೂ ಕೇಳುವುದಿಲ್ಲ, ನೋಡಿದರೇ ಗೊತ್ತಾಗುತ್ತದೆ. ಅಲ್ಲಿ ಒಂದು ಊರೇ ಮುಡಿ ಬಿಟ್ಟಿರುತ್ತದೆ.

ಹರಕೆ ಏನು ಅಂತ ಹೇಳಬೇಕಲ್ಲ.

ಯುರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿದ್ದ ಕಾಲ ಅದು, 1618ರಿಂದ 1648ರವರೆಗೆ. ಸೈನ್ಯ ಹೋದಲ್ಲೆಲ್ಲ ಪ್ಲೇಗು ಹಿಂದೆಯೇ ಹೋಯಿತು. ಓಬರಾಮರ್‌ಗಾವ್‌ನವರು ಹುಷಾರಾಗಿದ್ದರು. ಊರಬಾಗಿಲಿಗೆ ಕಾವಲು ಹಾಕಿದರು, ಹೊರಗಿನವರನ್ನು ಬಿಡಲಿಲ್ಲ. ಆದರೆ ಕಾಸ್ಪರ್ ಶಿಸ್ಲರ್ ಎಂಬ ಕೂಲಿಯವನು ಪಕ್ಕದ ಎಷನ್‌ಲೋಹೆ ಊರಲ್ಲಿ ದುಡಿಯುತ್ತಿದ್ದ. ಚರ್ಚಿನ ಹಬ್ಬ ಬಂತು. ಹಬ್ಬಕ್ಕೆ ಮನೆಗೆ ಹೋಗದೆ ಇರುವುದು ಹೇಗೆ? ಹೆಂಡತಿ ಮಕ್ಕಳನ್ನು ನೋಡಬೇಕು ಅಂತ ಕಾವಲಿನವರ ಕಣ್ಣು ತಪ್ಪಿಸಿ ಮನೆ ಸೇರಿದ. ಜೊತೆಗೆ ಪ್ಲೇಗೂ ಬಂತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು ಅಂತ ಊರಿನ ಕಥೆ ಹೇಳುತ್ತದೆ. 1633ರಲ್ಲಿ ಊರ ಹಿರಿಯರು ಚರ್ಚಿನಲ್ಲಿ ಸೇರಿ ಹರಕೆ ಹೊತ್ತರು: ಈ ಮಾರಿ ತೊಲಗಿದರೆ ಹತ್ತು ವರ್ಷಕ್ಕೊಮ್ಮೆ ಯೇಸುವಿನ ಪಾಡು, ಮರಣ, ಪುನರುತ್ಥಾನದ ನಾಟಕ ಆಡುತ್ತೇವೆ. ಅಲ್ಲಿಂದ ಆಚೆಗೆ ಊರಲ್ಲಿ ಪ್ಲೇಗಿನಿಂದ ಒಬ್ಬರೂ ಸಾಯಲಿಲ್ಲ ಅಂತ ನಂಬಿಕೆ.

ಪ್ಲೇಗು ತಾನಾಗಿಯೂ ಇಳಿಯುವ ಕಾಯಿಲೆ, ಅಲ್ವಾ ಅಂತ ನೀವು ಕೇಳಬಹುದು. ಕೇಳಿ. ಆ ಊರಿನ ಜನವೂ ಕೇಳುತ್ತಾರೆ. ಆದರೆ ಹರಕೆ ಹೊತ್ತ ಮೇಲೆ ತೀರಿಸಬೇಕು, ಅದು ಬೇರೆ ವಿಷಯ. ಕರಾವಳಿ ಕಡೆಯಿಂದ ಬಂದವರಿಗೆ ನಾನು ಜಾಸ್ತಿ ವಿವರಿಸಬೇಕಾಗಿಲ್ಲ. ಯಕ್ಷಗಾನದ ಹರಕೆ ಆಟ ಅಂದರೆ ಏನು ಅಂತ ನಿಮಗೆ ಗೊತ್ತು. ಒಂದೇ ವ್ಯತ್ಯಾಸ. ನಮ್ಮಲ್ಲಿ ಹರಕೆ ಹೊತ್ತವರು ಮೇಳವನ್ನು ಕರೆಸಿ ಆಡಿಸುತ್ತಾರೆ. ಅಲ್ಲಿ ಹರಕೆ ಹೊತ್ತವರೇ ಬಣ್ಣ ಹಚ್ಚಬೇಕು. ಬಣ್ಣ ಅಂದೆ, ಆದರೆ ಅಲ್ಲಿ ಚೌರಿ, ಅಂಟಿಸಿದ ಗಡ್ಡ ಯಾವುದೂ ನಡೆಯುವುದಿಲ್ಲ. ಅದಕ್ಕೇ ಈ ಕೂದಲಿನ ರಂಪ.

ಮೊದಲ ಆಟ 1634ರಲ್ಲಿ. ಎಲ್ಲಿ ಆಡಿದರು ಗೊತ್ತಾ? ಸ್ಮಶಾನದಲ್ಲಿ. ಪ್ಲೇಗಿನಲ್ಲಿ ಸತ್ತವರ ಗೋರಿಗಳ ಮೇಲೆ ಹಲಗೆ ಹಾಸಿ ವೇದಿಕೆ ಕಟ್ಟಿದರು. ಸುಮಾರು ಇನ್ನೂರು ವರ್ಷ ಹಾಗೇ ನಡೆಯಿತು. 1830ರಲ್ಲಿ ಅಲ್ಲಿಂದ ಎತ್ತಿ ಈಗಿನ ಜಾಗಕ್ಕೆ ತಂದರು. 1680ರಿಂದ ಸೊನ್ನೆಯಲ್ಲಿ ಕೊನೆಯಾಗುವ ವರ್ಷಗಳಲ್ಲಿ ಆಡುವುದು ರೂಢಿಯಾಯಿತು.

ನಾನು ಹೋಗುವ ಮೊದಲು ಅಂದುಕೊಂಡಿದ್ದು ಏನು ಅಂದರೆ, ನಾನೂರು ವರ್ಷದ ಹತ್ತಿರ ಬಂದ ನಾಟಕ, ಒಂದು ಅಕ್ಷರ ಬದಲಾಗದೆ ಬಂದಿರಬೇಕು. ಬರೀ ತಪ್ಪು. ಉಳಿದಿರುವ ಹಳೆಯ ಹಸ್ತಪ್ರತಿ 1662ರದ್ದು. ಅದು ಕೂಡ ಊರಿನವರ ಸ್ವಂತದ್ದಲ್ಲ, ಆಗ್ಸ್‌ಬರ್ಗ್ ಕಡೆಯ ಎರಡು ಹಳೆಯ ನಾಟಕಗಳನ್ನು ಸೇರಿಸಿ ಹೊಲಿದದ್ದು. 1750ಕ್ಕೆ ಪಕ್ಕದ ಎಟ್ಟಾಲ್ ಮಠದ ಸನ್ಯಾಸಿ ಫರ್ಡಿನಾಂಡ್ ರೋಸ್ನರ್ ಪೂರ್ತಿ ಹೊಸದಾಗಿ ಬರೆದರು. ಭರ್ಜರಿ ಪದ್ಯ, ದೆವ್ವ, ನರಕ ಎಲ್ಲ ಇತ್ತು. 1811ಕ್ಕೆ ಅದೇ ಮಠದ ಓಥ್ಮಾರ್ ವೈಸ್ ಎಂಬವರು ದೆವ್ವಗಳನ್ನು ಓಡಿಸಿ ಗದ್ಯದಲ್ಲಿ ಬರೆದರು. ಊರಿನ ಶಾಲೆಯ ಮೇಷ್ಟ್ರು ರೋಕುಸ್ ಡೆಡ್ಲರ್ ಸಂಗೀತ ಕೊಟ್ಟರು. ಆ ಸಂಗೀತ ತಿದ್ದುಪಡಿಗಳ ಜೊತೆ ಇವತ್ತಿಗೂ ಇದೆ. ಆಮೇಲೆ ಊರಿನ ಪಾದ್ರಿ ಡೈಸನ್‌ಬರ್ಗರ್ ತಿದ್ದಿದರು. ಹೀಗೆ.

ನಿಂತದ್ದೂ ಉಂಟು. 1770ರಲ್ಲಿ ಬವೇರಿಯಾದ ದೊರೆ ಇಂಥ ನಾಟಕಗಳನ್ನೆಲ್ಲ ನಿಷೇಧಿಸಿದ. ಧರ್ಮದ ದೊಡ್ಡ ರಹಸ್ಯವನ್ನು ಅಟ್ಟದ ಮೇಲೆ ಕುಣಿಸಬಾರದು ಅಂತ ಅವರ ವಾದ. 1870ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಬಂದು ನಾಟಕ ಅರ್ಧಕ್ಕೆ ನಿಂತಿತು. ಯೇಸುವಿನ ಪಾತ್ರ ಮಾಡುತ್ತಿದ್ದ ಯೋಸೆಫ್ ಮಾಯರ್ ಅವರನ್ನೇ ಸೈನ್ಯಕ್ಕೆ ಕರೆದರು. ಕೂದಲು ಕತ್ತರಿಸದೆ ಇರಲು ಅವರಿಗೆ ವಿಶೇಷ ಅನುಮತಿ ಸಿಕ್ಕಿತಂತೆ. ಮರುವರ್ಷ ಯುದ್ಧ ಮುಗಿದ ಮೇಲೆ ಅದೇ ಕೂದಲಲ್ಲಿ ಬಂದು ಶಿಲುಬೆ ಏರಿದರು. ಮೊದಲ ಮಹಾಯುದ್ಧದ ಪೆಟ್ಟಿನಿಂದ 1920ರ ಆಟ 1922ಕ್ಕೆ ಹೋಯಿತು. 1940ರದ್ದು ನಡೆಯಲೇ ಇಲ್ಲ.

2020ರದ್ದು ನಿಮಗೆ ಗೊತ್ತೇ ಇದೆ. 2019ರ ಮಾರ್ಚಿನಿಂದ ಊರು ಕೂದಲು ಬಿಟ್ಟಿತ್ತು. ತಾಲೀಮು ಜೋರಾಗಿತ್ತು. 2020ರ ಮಾರ್ಚ್ 19ರಂದು, ಇನ್ನು ಎರಡು ತಿಂಗಳಿಗೆ ಮೊದಲ ಆಟ ಅನ್ನುವಾಗ, ಎರಡು ವರ್ಷ ಮುಂದಕ್ಕೆ ಹಾಕಿದರು. ಒಂದು ಮಾರಿಯಿಂದ ಹುಟ್ಟಿದ ನಾಟಕವನ್ನು ಇನ್ನೊಂದು ಮಾರಿ ನಿಲ್ಲಿಸಿತು. ಎಲ್ಲರೂ ಹೋಗಿ ಕೂದಲು ಕತ್ತರಿಸಿಕೊಂಡರು. 2021ರ ಬೂದಿ ಬುಧವಾರ ಮತ್ತೆ ಮೊದಲಿನಿಂದ ಶುರು.

ನಾನು ಹೋಗಿದ್ದು 2022ರ ಸೆಪ್ಟೆಂಬರಿನಲ್ಲಿ. ಮ್ಯೂನಿಕ್‌ನಿಂದ ರೈಲು. ಮುರ್ನಾವ್ ಎಂಬಲ್ಲಿ ಇಳಿದು ಪುಟ್ಟ ರೈಲು ಹತ್ತಬೇಕು. 1900ರಲ್ಲಿ, ನಾಟಕದ ವರ್ಷವೇ, ಹಾಕಿದ ಹಳಿ ಅದು. ಹುಲ್ಲುಗಾವಲು, ಜೌಗು, ಗಂಟೆ ಕಟ್ಟಿದ ಹಸು ದಾಟಿ ಕೊನೆಯ ಸ್ಟೇಷನ್ನು. ಇಳಿದ ಕೂಡಲೇ ಕಣ್ಣಿಗೆ ಬೀಳುವುದು ಕೋಫೆಲ್ ಎಂಬ ಚೂಪು ಬಂಡೆ ಬೆಟ್ಟ. ತುದಿಯಲ್ಲಿ ಒಂದು ಶಿಲುಬೆ. ಮನೆಗಳ ಗೋಡೆ ತುಂಬ ಚಿತ್ರ: ಸಂತರು, ದೇವದೂತರು, ಇಲ್ಲದ ಕಂಬಗಳು, ಇಲ್ಲದ ಮೆಟ್ಟಿಲುಗಳು. ಹದಿನೆಂಟನೇ ಶತಮಾನದ ಫ್ರಾಂಟ್ಸ್ ಸೆರಾಫ್ ಜ್ವಿಂಕ್ ಎಂಬ ಚಿತ್ರಗಾರ ಬರೆದ ಪಿಲಾತನ ಮನೆ ಅಂತ ಒಂದಿದೆ. ಪಿಲಾತ ಅಂದರೆ ಯೇಸುವಿಗೆ ಮರಣದಂಡನೆ ಕೊಟ್ಟ ರೋಮನ್ ಅಧಿಕಾರಿ. ನಾಟಕ ಇಲ್ಲದ ವರ್ಷ ಹೋದವರೂ ಅದನ್ನು ನೋಡದೆ ಬರಬೇಡಿ. ಊರಿನ ಇನ್ನೊಂದು ಕಸುಬು ಮರದ ಕೆತ್ತನೆ. ಶಿಲುಬೆ, ಗೋದಲಿ ಗೊಂಬೆ ಕೆತ್ತುವವರು ತಲೆಮಾರುಗಳಿಂದ ಇದ್ದಾರೆ.

ನಾನು ಉಳಿದದ್ದು ಒಂದು ಮನೆಯ ಮೇಲುಮಹಡಿಯಲ್ಲಿ. ಮನೆಯೊಡತಿಗೆ ಅರವತ್ತರ ಹತ್ತಿರ. ಜಡೆ ಸೊಂಟಕ್ಕೆ ಬರುತ್ತಿತ್ತು. ಬೆಳಗ್ಗೆ ತಿಂಡಿ ಕೊಡುವಾಗ ಆಕೆ ಹೇಳಿದ್ದು: ‘ಮಧ್ಯಾಹ್ನ ಎರಡು ಗಂಟೆಗೆ ನಾವ್ಯಾರೂ ಮನೆಯಲ್ಲಿ ಇರುವುದಿಲ್ಲ. ಏನಾದರೂ ಬೇಕಿದ್ದರೆ ಈಗಲೇ ಹೇಳಿ. ಆಮೇಲೆ ನಾನು ಯೆರೂಸಲೇಮಿನಲ್ಲಿ ಇರುತ್ತೇನೆ.’ ಆಕೆ ಜನಜಂಗುಳಿಯಲ್ಲಿ ಒಬ್ಬರು. ಗಂಡ ಯಾಜಕರ, ಅಂದರೆ ಯೆಹೂದಿ ಪುರೋಹಿತರ ಗುಂಪಿನಲ್ಲಿ. ಮಗಳು ಗಾಯಕರ ಸಾಲಿನಲ್ಲಿ.

ಯಾರು ಬೇಕಾದರೂ ಆಡುವ ಹಾಗಿಲ್ಲ. ಊರಲ್ಲೇ ಹುಟ್ಟಿರಬೇಕು, ಇಲ್ಲ ಇಪ್ಪತ್ತು ವರ್ಷ ಅಲ್ಲಿ ಬಾಳಿರಬೇಕು. ಮುಖ್ಯ ಪಾತ್ರಗಳಿಗೆ ಇಬ್ಬಿಬ್ಬರು, ಸರದಿಯ ಮೇಲೆ. ಯಾರಿಗೆ ಯಾವ ಪಾತ್ರ ಅಂತ ಒಂದು ದಿನ ಎಲ್ಲರ ಮುಂದೆ ಸೀಮೆಸುಣ್ಣದಲ್ಲಿ ಕಪ್ಪುಹಲಗೆಯ ಮೇಲೆ ಒಂದೊಂದೇ ಹೆಸರು ಬರೆಯುತ್ತಾರೆ. 2018ರ ಅಕ್ಟೋಬರಿನಲ್ಲಿ ಬರೆದರು. ಫಲಿತಾಂಶದ ದಿನ ಶಾಲೆ ಮುಂದೆ ನಿಂತ ಹಾಗೆ ಇತ್ತು ಅಂದರು ಮನೆಯೊಡತಿ. ಗಂಡನಿಗೆ ಆಸೆಪಟ್ಟ ಪಾತ್ರ ಸಿಗಲಿಲ್ಲವಂತೆ. ‘ಒಂದು ವಾರ ಮಾತಿಲ್ಲ ಕತೆಯಿಲ್ಲ’ ಅಂದು ನಕ್ಕರು. ಗಂಡ ನಗಲಿಲ್ಲ.

ನಾಟಕದ ವಿಷಯಕ್ಕೆ ಬರುತ್ತೇನೆ. ಮಧ್ಯಾಹ್ನ ಶುರು, ಎರಡೂವರೆ ಗಂಟೆ ಆದ ಮೇಲೆ ಮೂರು ಗಂಟೆ ಬಿಡುವು. ಸಂಜೆ ಮತ್ತೆ ಶುರು, ಇನ್ನೂ ಎರಡೂವರೆ ಗಂಟೆ. ಒಟ್ಟು ಐದು ಗಂಟೆ. ನಾಲ್ಕು ಸಾವಿರಕ್ಕೂ ಹೆಚ್ಚು ಆಸನ. ಪ್ರೇಕ್ಷಕರಿಗೆ ಸೂರು ಇದೆ, ವೇದಿಕೆ ಮಾತ್ರ ಬಯಲು. ಹಿಂದೆ ಆಕಾಶ, ಬೆಟ್ಟ. ಮೊದಲ ಭಾಗದಲ್ಲಿ ಯೇಸು ಕತ್ತೆ ಏರಿ ಯೆರೂಸಲೇಮಿಗೆ ಬರುವಾಗ ನೂರಾರು ಜನ ಗರಿ ಬೀಸುತ್ತಾ ವೇದಿಕೆಗೆ ನುಗ್ಗುತ್ತಾರೆ. ಮುದುಕರು, ಬಸುರಿಯರು, ಅಪ್ಪನ ಹೆಗಲೇರಿದ ಮಕ್ಕಳು. ಒಂದು ಕೂಸು ನಿಜವಾಗಿಯೂ ಆಕಳಿಸಿತು. ಗುಂಪಿನ ದೃಶ್ಯ ಅಂದರೆ ಇದು ಅನಿಸಿತು. ಯಾರೂ ನಟಿಸುತ್ತಿಲ್ಲ, ಊರು ಸುಮ್ನೆ ಬೀದಿಗೆ ಬಂದಿದೆ.

ಮಧ್ಯೆ ಮಧ್ಯೆ ಸ್ತಬ್ಧಚಿತ್ರಗಳು. ಬೈಬಲಿನ ಹಳೆಯ ಒಡಂಬಡಿಕೆಯ ಮೋಶೆ, ಸಿಂಹಗಳ ಗುಹೆಯಲ್ಲಿ ದಾನಿಯೇಲ. ಪರದೆ ತೆರೆದರೆ ಹತ್ತಾರು ಜನ ಕಲ್ಲಿನ ಹಾಗೆ ನಿಂತಿರುತ್ತಾರೆ. ಮುಂದೆ ಗಾಯಕರು ಸಾಲಾಗಿ ನಿಂತು ಹಾಡುತ್ತಾರೆ. ನನ್ನ ಪ್ರಾಮಾಣಿಕ ಅಭಿಪ್ರಾಯ ಕೇಳಿದರೆ, ಮೂರನೆಯದೋ ನಾಲ್ಕನೆಯದೋ ಬರುವ ಹೊತ್ತಿಗೆ ನನಗೆ ತೂಕಡಿಕೆ ಬಂತು. ಮಾತೆಲ್ಲ ಜರ್ಮನ್. ಇಂಗ್ಲಿಷ್ ಅನುವಾದದ ಪುಸ್ತಕ ಹಿಡಿದು ಕೂತಿದ್ದೆ. ಅದನ್ನು ನೋಡುವುದೋ ವೇದಿಕೆ ನೋಡುವುದೋ? ಅರ್ಧ ಗಂಟೆಯಲ್ಲಿ ಪುಸ್ತಕ ಮಡಚಿಟ್ಟೆ. ಕಥೆ ಎಲ್ಲರಿಗೂ ಗೊತ್ತಿರುವುದೇ. ಪ್ರಸಂಗ ಗೊತ್ತಿದ್ದವನಿಗೆ ಭಾಷೆ ಯಾಕೆ?

ನನ್ನನ್ನು ಎಬ್ಬಿಸಿ ಕೂರಿಸಿದ್ದು ಯೂದ. ಮೂವತ್ತು ಬೆಳ್ಳಿ ನಾಣ್ಯಕ್ಕೆ ಗುರುವನ್ನು ಮಾರಿದವನು ಅಂತ ನಾವು ಕೇಳಿದ ಯೂದನಲ್ಲ. ರೋಮನ್ನರ ವಿರುದ್ಧ ಯೇಸು ಎದ್ದು ನಿಲ್ಲಬೇಕು ಅಂತ ಕಾದು ಕಾದು ತಾಳ್ಮೆ ಕೆಟ್ಟ ಹುಡುಗ. ತನ್ನನ್ನು ಬಳಸಿಕೊಂಡರು ಅಂತ ಗೊತ್ತಾದಾಗ ಅವನು ಕಿರುಚಿದ ದನಿಗೆ ನನ್ನ ಪಕ್ಕದ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದರು. ಆ ಪಾತ್ರ ಮಾಡಿದ ಇಬ್ಬರಲ್ಲಿ ಒಬ್ಬರು ಜೆಂಗಿಜ್ ಗೊರೂರ್, ಟರ್ಕಿ ಮೂಲದ ಮುಸ್ಲಿಂ ಕುಟುಂಬದ ಯುವಕ. ಊರಿನ ಹುಡುಗ. ನಿರ್ದೇಶಕರ ಸಹಾಯಕರಾಗಿ ಇದ್ದ ಅಬ್ದುಲ್ಲಾ ಕರಾಜಾ ಕೂಡ ಅಷ್ಟೇ, ಊರಿನವರು.

ಇದು ಸುಲಭವಾಗಿ ಆದದ್ದಲ್ಲ. ನಿಜ ಹೇಳಬೇಕೆಂದರೆ ನಾನು ಇವತ್ತು ಮಾತಾಡಲು ಒಪ್ಪಿದ್ದೇ ಈ ಭಾಗ ಹೇಳುವುದಕ್ಕೆ.

ಶತಮಾನಗಳ ಕಾಲ ಈ ನಾಟಕ ಯೆಹೂದ್ಯರನ್ನು ಯೇಸುವಿನ ಕೊಲೆಗಾರರು ಅಂತ ತೋರಿಸುತ್ತಿತ್ತು. ಯಾಜಕರ ತಲೆಗೆ ಕೊಂಬಿನಂಥ ಟೋಪಿ. ಜನರೆಲ್ಲ ಒಟ್ಟಾಗಿ ‘ಇವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ’ ಅಂತ ಕೂಗುವ ಮಾತು. ಹಿಟ್ಲರ್ 1930ರಲ್ಲಿ ಬಂದು ನೋಡಿದ. ಅಧಿಕಾರ ಹಿಡಿದ ಮೇಲೆ, 1934ರಲ್ಲಿ, ಮುನ್ನೂರನೇ ವರ್ಷದ ವಿಶೇಷ ಆಟಕ್ಕೆ ಮತ್ತೆ ಬಂದ. 1942ರಲ್ಲಿ, ಯೆಹೂದ್ಯರ ಸಾಮೂಹಿಕ ಕೊಲೆ ನಡೆಯುತ್ತಿದ್ದಾಗ, ಈ ನಾಟಕ ಉಳಿಯಲೇಬೇಕು ಅಂತ ಹೊಗಳಿದ. ಹರಕೆಯ ನಾಟಕಕ್ಕೆ ಇದಕ್ಕಿಂತ ದೊಡ್ಡ ಕಳಂಕ ಬೇಕಾ?

ಇನ್ನೂ ಬೇಸರದ ವಿಷಯ, ಯುದ್ಧ ಮುಗಿದ ಮೇಲೂ 1950ರಲ್ಲಿ ಹೆಚ್ಚುಕಡಿಮೆ ಅದೇ ಪಠ್ಯ ಆಡಿದರು. 1965ರಲ್ಲಿ ವ್ಯಾಟಿಕನ್ನೇ ಯೆಹೂದ್ಯರ ಮೇಲೆ ಆ ಅಪವಾದ ಹೊರಿಸಬಾರದು ಅಂತ ಹೇಳಿತು. ಊರು ಜಗ್ಗಲಿಲ್ಲ. 1970ರಲ್ಲಿ ಅಮೆರಿಕದ ಯೆಹೂದಿ ಸಂಘಟನೆಗಳು ಬಹಿಷ್ಕಾರಕ್ಕೆ ಕರೆ ಕೊಟ್ಟವು. 1977ರಲ್ಲಿ ಸುಧಾರಣೆ ಬೇಕೆನ್ನುವವರು ರೋಸ್ನರ್ ಅವರ ಹಳೆಯ ಪದ್ಯನಾಟಕವನ್ನು ಪ್ರಯೋಗಕ್ಕೆ ಆಡಿ ತೋರಿಸಿದರು. ಅದರಲ್ಲಿ ಕೇಡಿನ ಹೊಣೆ ಜನರದ್ದಲ್ಲ, ದೆವ್ವಗಳದ್ದು. ಊರು ಅದನ್ನು ತಳ್ಳಿಹಾಕಿತು. ಹಳೆಯದೇ ಸರಿ ಅಂದಿತು. ಅಣ್ಣ ತಮ್ಮಂದಿರು ಮಾತು ಬಿಟ್ಟ ಮನೆಗಳಿದ್ದವು ಅಂತ ನನ್ನ ಮನೆಯೊಡತಿ ಹೇಳಿದರು.

1987ರಲ್ಲಿ ಊರಿನ ಸಭೆ ಕ್ರಿಸ್ಟಿಯಾನ್ ಸ್ಟುಕ್ಲ್ ಎಂಬ ಹುಡುಗನನ್ನು ನಿರ್ದೇಶಕನಾಗಿ ಆರಿಸಿತು. 1961ರಲ್ಲಿ ಹುಟ್ಟಿದವರು, ಊರಿನ ಹೋಟೆಲ್ ಮನೆತನ, ಕಲಿತದ್ದು ಮರದ ಕೆತ್ತನೆ. 1990ರಿಂದ ನಾಲ್ಕು ಸಲ ಅವರದ್ದೇ ನಿರ್ದೇಶನ. ಓಟೊ ಹೂಬರ್ ಎಂಬವರ ಜೊತೆ ಸೇರಿ ಪಠ್ಯವನ್ನು ಬಿಚ್ಚಿ ಕಟ್ಟಿದರು. ರಕ್ತದ ಮಾತು ಹೋಯಿತು, ಕೊಂಬಿನ ಟೋಪಿ ಹೋಯಿತು. ಯೇಸುವನ್ನು ಯೆಹೂದಿ ಗುರುವಾಗಿಯೇ ತೋರಿಸಿದರು. ಈಗ ಆತ ದೇವಾಲಯದಲ್ಲಿ ಯೆಹೂದ್ಯರ ಧರ್ಮಗ್ರಂಥವಾದ ತೋರಾದ ಸುರುಳಿ ಎತ್ತಿ ಹಿಡಿಯುತ್ತಾನೆ, ಊರಿಗೆ ಊರೇ ಹೀಬ್ರೂ ಭಾಷೆಯಲ್ಲಿ ‘ಶೆಮಾ ಇಸ್ರಾಯೇಲ್’ ಎಂಬ ಯೆಹೂದಿ ಪ್ರಾರ್ಥನೆ ಹಾಡುತ್ತದೆ. 1934ರ ವೇದಿಕೆಯ ಮೇಲೆ! ನನಗೆ ಮೈ ಜುಂ ಅಂದಿದ್ದು ಶಿಲುಬೆಯ ದೃಶ್ಯದಲ್ಲಲ್ಲ, ಅಲ್ಲಿ.

ಹೆಂಗಸರ ಜಗಳ ಇನ್ನೊಂದು. ಮದುವೆಯಾದ ಹೆಂಗಸರಿಗೂ ಮೂವತ್ತೈದು ದಾಟಿದವರಿಗೂ ಪಾತ್ರ ಇಲ್ಲ ಅನ್ನುವ ನಿಯಮ ಇತ್ತು. ಗಂಡಸರಿಗೆ ಇಂಥದ್ದೇನೂ ಇಲ್ಲ, ಕೇಳಬೇಡಿ. ಮೂವರು ಹೆಂಗಸರು ಕೋರ್ಟಿಗೆ ಹೋದರು. 1990ರಲ್ಲಿ ಗೆದ್ದರು. ಅದೇ ವರ್ಷ ಮದುವೆಯಾಗಿ ಮಕ್ಕಳಿದ್ದ ಒಬ್ಬರು ಮರಿಯಳ ಪಾತ್ರ ಮಾಡಿದರು. ನನ್ನ ಮನೆಯೊಡತಿಗೆ ಆಗಲೇ ಮದುವೆಯಾಗಿತ್ತು. ಆ ತೀರ್ಪು ಬರದೇ ಇದ್ದಿದ್ದರೆ ಈ ಜಡೆ ಇರುತ್ತಿರಲಿಲ್ಲ ಅಂತ ಹಿಡಿದು ತೋರಿಸಿದರು.

ನಾಟಕವನ್ನು ಸಂಜೆಗೆ ತರಬೇಕೋ ಬೇಡವೋ ಅಂತ 2007ರಲ್ಲಿ ಜನಮತಗಣನೆಯೇ ನಡೆಯಿತು ಅಂದರೆ ನೋಡಿ. ಸಂಜೆಯ ಪರ ಗೆದ್ದಿತು. ಹಾಗಾಗಿ ಈಗ ಶಿಲುಬೆಯ ದೃಶ್ಯ ಕತ್ತಲಲ್ಲಿ ಬರುತ್ತದೆ. ಯೇಸು ಪಾತ್ರಧಾರಿ ಇಪ್ಪತ್ತು ನಿಮಿಷದ ಹತ್ತಿರ ಮೇಲೆ ನೇತಾಡುತ್ತಾನೆ. ವೇದಿಕೆಯಾಚೆ ಬೆಟ್ಟ ಕಾಣುವುದಿಲ್ಲ, ಚಳಿ ಮಾತ್ರ ಇಳಿದು ಬರುತ್ತದೆ. ಸೆಪ್ಟೆಂಬರ್ ತಾನೇ ಅಂತ ನಾನು ತೆಳು ಜಾಕೆಟ್ ಹಾಕಿ ಹೋಗಿದ್ದೆ. ಹಲ್ಲು ಕಟಕಟ. ಪಕ್ಕದ ಅಜ್ಜಿ ಒಂದೂ ಮಾತಾಡದೆ ತಮ್ಮ ಕಂಬಳಿಯ ಅರ್ಧ ನನ್ನ ಮೊಣಕಾಲಿಗೆ ಎಳೆದರು. ಕೊನೆಯಲ್ಲಿ ಚಪ್ಪಾಳೆ ಬಿತ್ತು, ಆದರೆ ಪಾತ್ರಧಾರಿಗಳು ಬಂದು ಕೈಮುಗಿಯಲಿಲ್ಲ. ಹರಕೆಗೆ ಚಪ್ಪಾಳೆ ತಗೊಳ್ಳುವುದಿಲ್ಲವಂತೆ.

ಹಾಗಂತ ದುಡ್ಡಿನ ಮಾತೇ ಇಲ್ಲ ಅಂದುಕೊಳ್ಳಬೇಡಿ. 1880ರಲ್ಲೇ ಥಾಮಸ್ ಕುಕ್ ಕಂಪನಿ ಇಂಗ್ಲೆಂಡಿನಿಂದ ಪ್ರವಾಸಿಗರನ್ನು ಕರೆತರುತ್ತಿತ್ತು. 2022ರಲ್ಲಿ ಮೇ 14ರಿಂದ ಅಕ್ಟೋಬರ್ 2ರವರೆಗೆ, ವಾರಕ್ಕೆ ಐದು ದಿನ ಆಟ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಊರು ಆ ದುಡ್ಡಿನಲ್ಲಿ ಉಸಿರಾಡುತ್ತದೆ. ಅಂಗಡಿಗಳಲ್ಲಿ ಮರದ ಯೇಸು ಬೆರಳುದ್ದದಿಂದ ಆಳೆತ್ತರದವರೆಗೆ ಸಿಗುತ್ತಾನೆ. ಭಕ್ತಿ, ವ್ಯಾಪಾರ ಎರಡೂ ಒಂದೇ ಬೀದಿಯಲ್ಲಿ ಇರುವುದು ನಮಗೇನು ಹೊಸದಾ?

ಹೋಗಬೇಕು ಅನ್ನುವವರಿಗೆ ಎರಡು ಮಾತು. ಮುಂದಿನ ಆಟ 2030ರಲ್ಲಿ. ಟಿಕೆಟ್ ವರ್ಷಗಳ ಮೊದಲೇ ಮಾರಾಟಕ್ಕೆ ಬರುತ್ತದೆ, ಒಂದೋ ಎರಡೋ ರಾತ್ರಿಯ ವಸತಿ ಸೇರಿಸಿದ ಪ್ಯಾಕೇಜ್ ರೂಪದಲ್ಲೂ ಸಿಗುತ್ತದೆ. ದುಬಾರಿ, ಆದರೂ ರಾತ್ರಿ ಉಳಿಯಿರಿ. ರಾತ್ರಿ ನಾಟಕ ಬಿಟ್ಟ ಮೇಲೆ ಪಿಲಾತನೂ ಪೇತ್ರನೂ ಸೈಕಲ್ ತುಳಿದುಕೊಂಡು ಮನೆಗೆ ಹೋಗುವುದನ್ನು ನೋಡಬೇಕು. ಮರುದಿನ ಎಟ್ಟಾಲ್ ಮಠಕ್ಕೆ ಹೋಗಿ ಬನ್ನಿ, ನಾಲ್ಕೈದು ಕಿಲೋಮೀಟರು. ಲಿಂಡರ್‌ಹಾಫ್ ಅರಮನೆಯೂ ಹತ್ತಿರ. ಅದನ್ನು ಕಟ್ಟಿಸಿದ ಎರಡನೇ ಲೂಡ್ವಿಗ್ ದೊರೆ 1871ರಲ್ಲಿ ತನಗಾಗಿ ಪ್ರತ್ಯೇಕ ಆಟ ಆಡಿಸಿಕೊಂಡ. ಮುಖ್ಯ ಪಾತ್ರಧಾರಿಗಳಿಗೆ ಬೆಳ್ಳಿ ಚಮಚ ಕೊಟ್ಟ, ಯೂದನಿಗೆ ಮಾತ್ರ ತವರದ್ದು ಕೊಟ್ಟ ಅಂತ ಒಂದು ಕಥೆ ಓಡಾಡುತ್ತದೆ. ಮತ್ತೆ, ದಪ್ಪ ಸ್ವೆಟರ್ ಒಯ್ಯಿರಿ.

ಕೊನೆಗೆ ಯಾರೋ ಕೇಳಿದರು, ನಾಟಕ ಮುಗಿದ ಮೇಲೆ ಆ ಕೂದಲೆಲ್ಲ ಏನಾಯಿತು ಅಂತ. ಅಕ್ಟೋಬರ್ ಮೊದಲ ವಾರ ಮನೆಯೊಡತಿ ನನಗೊಂದು ಫೋಟೋ ಕಳಿಸಿದ್ದರು. ಆಕೆಯ ಕೂದಲು ಭುಜದವರೆಗೆ ಬಂದಿತ್ತು. ಪಕ್ಕದಲ್ಲಿ ಒಬ್ಬ ಅಪರಿಚಿತ ನಿಂತಿದ್ದ, ಗುಂಡು ಗಲ್ಲ, ನುಣ್ಣಗಿನ ಮುಖ. ಯಾರಿದು ಅಂತ ಎರಡು ಸಲ ನೋಡಿದ ಮೇಲೆ ಗಂಡ ಅಂತ ಗೊತ್ತಾಯಿತು. ಅವರ ಕೈಯಲ್ಲಿ ಒಂದೂವರೆ ವರ್ಷದ ಮೊಮ್ಮಗ, ಬಾಯಿ ಅಗಲ ತೆರೆದು ಅಳುತ್ತಿದ್ದ. ಕೆಳಗೆ ಬರೆದಿದ್ದರು: ‘ಪಾಪ, ಹುಟ್ಟಿದಾಗಿನಿಂದ ಇವನು ಅಜ್ಜನ ಗಲ್ಲ ನೋಡಿಯೇ ಇರಲಿಲ್ಲ.’